ಸೋಮವಾರದ ಕಾಳು, ಭಾನುವಾರದ ಡೋಲು

ಸೋಮವಾರ ಬಂತು ಅಂದ್ರೆ
ಈ ಊರಿನ ಎಷ್ಟೋ ಮನೆ, ಹೋಟೆಲುಗಳಲ್ಲಿ ಒಂದೇ ಅಡುಗೆ.
ಕೆಂಪು ಬೀನ್ಸ್, ಅನ್ನ.
ಯಾಕೆ ಗೊತ್ತಾ?

ಇದು ನ್ಯೂ ಆರ್ಲಿಯನ್ಸ್.
ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ನದಿಯ ತಿರುವಿನಲ್ಲಿ,
1718ರಲ್ಲಿ ಫ್ರೆಂಚರು ಕಟ್ಟಿದ ಊರು.

ಹಿಂದೆ ಸೋಮವಾರ ಬಟ್ಟೆ ಒಗೆಯೋ ದಿನ.
ಒಲೆ ಮುಂದೆ ನಿಲ್ಲೋಕೆ ಪುರುಸೊತ್ತೆಲ್ಲಿ?
ಭಾನುವಾರ ಉಳಿದ ಮಾಂಸದ ಮೂಳೆ ಜೊತೆ ಕಾಳು ಹಾಕಿ
ಸಣ್ಣ ಉರಿಯಲ್ಲಿಟ್ಟರೆ, ಸಂಜೆಗೆ ಊಟ ರೆಡಿ.
ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಇದೇ ಊರಿನ ಮಗ.
ಪತ್ರದ ಕೊನೆಗೆ, ಸಹಿಯ ಮೇಲೆ,
ಈ ಊಟದ ಹೆಸರನ್ನೇ ಬರೀತಿದ್ರು!

ಇನ್ನು ಗಂಬೋ ಅನ್ನೋ ಸಾರು.
ಎಣ್ಣೆಯಲ್ಲಿ ಮೈದಾ ಹುರೀತಾರೆ,
ಬೇಸನ್ ಉಂಡೆಗೆ ಕಡಲೆಹಿಟ್ಟು ಹುರಿದ ಹಾಗೆ,
ಕೈ ಬಿಡದೆ, ಘಮ ಏಳೋವರೆಗೆ.
ಹುರಿಯೋ ರೀತಿ ಫ್ರೆಂಚರದ್ದು.
ಬೆಂಡೆಕಾಯಿ ಆಫ್ರಿಕಾದ್ದು.
ಸಾರು ಮಂದ ಮಾಡೋ ಸಸಾಫ್ರಸ್ ಎಲೆಪುಡಿ
ಚಾಕ್ಟಾ ಮೂಲನಿವಾಸಿಗಳದ್ದು.

ಆ ಬೆಂಡೆಕಾಯಿ ಅಡುಗೆ ತಂದವರು
ಸಂಕೋಲೆಯಲ್ಲಿ, ಗುಲಾಮರಾಗಿ ಬಂದವರು.
ಅದನ್ನ ಮರೆತು ಗಂಬೋ ಹೊಗಳೋಕೆ ನನಗಂತೂ ಆಗಲ್ಲ.
ಭಾನುವಾರ ಮಾತ್ರ ಅವರಿಗೆ ಬಿಡುವು.
ಕಾಂಗೋ ಸ್ಕ್ವೇರ್ ಅನ್ನೋ ಬಯಲಲ್ಲಿ ಸೇರಿ
ಡೋಲು ಬಡಿದು ಕುಣೀತಿದ್ರು.
ಜಾಝ್‌ನ ಬೇರು ಅಲ್ಲಿದೆ.

ಇವತ್ತಿಗೂ ಈ ಊರಲ್ಲಿ ಕೆಲವು ಶವಯಾತ್ರೆಗಳಿಗೆ ಬ್ರಾಸ್ ಬ್ಯಾಂಡ್ ಬರುತ್ತೆ.
ಹೋಗುವಾಗ ನಿಧಾನ, ಶೋಕ.
ಅಂತ್ಯಸಂಸ್ಕಾರ ಮುಗಿದ ಮೇಲೆ ಕುಣಿತ.
ದಾರಿಹೋಕರೂ ಹಿಂದೆ ಸೇರ್ಕೋತಾರೆ.

2005ರಲ್ಲಿ ಕತ್ರಿನಾ ಚಂಡಮಾರುತ.
ಪ್ರವಾಹ ತಡೆಯೋ ಗೋಡೆಗಳೇ ಒಡೆದವು.
ಊರಿನ ಸುಮಾರು ಶೇ. 80 ಭಾಗ ಮುಳುಗಿತು.
ಮರುವರ್ಷವೇ, ಒಡೆದ ಮನೆಗಳ ಮಧ್ಯೆ,
ಮಾರ್ಡಿ ಗ್ರಾ ಹಬ್ಬದ ಮೆರವಣಿಗೆ ಬೀದಿಗಿಳಿಯಿತು!