ಚಿಕ್ಕ ಪೆಟ್ಟಿಗೆ, ದೊಡ್ಡ ದನಿ: ವಾಲ್ವ್ ಆಂಪ್ಲಿಫೈಯರ್ ಆರಿಸುವುದು ಹೇಗೆ?

ಮಕ್ಕಳೇ, ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ಹೆಸರನ್ನು ನೀವು ಕೇಳಿರಬಹುದು. ಕಲ್ಯಾಣ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕ್ರಿ.ಶ. 1112ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿಯ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಇಂಥ ಕಲ್ಲಿನ ಮಂಟಪದಲ್ಲಿ ಒಬ್ಬರು ಹಾಡಿದರೆ ಹತ್ತಿರ ಕುಳಿತವರಿಗೆಲ್ಲ ಚೆನ್ನಾಗಿ ಕೇಳುತ್ತದೆ. ಏಕೆಂದರೆ ಕಲ್ಲು ದನಿಯನ್ನು ಹೀರುವುದು ಕಡಿಮೆ; ಹಿಂದಿರುಗಿಸಿ ಕಳಿಸುವುದೇ ಹೆಚ್ಚು. ಅದೇ ಹಾಡನ್ನು ಊರ ಮುಂದಿನ ಬಯಲಿನಲ್ಲಿ ಹಾಡಿದರೆ ದನಿ ನಾಲ್ಕೂ ಕಡೆ ಚದುರಿ ಹೋಗುತ್ತದೆ. ಮೈಕ್ ಬರುವ ಮುನ್ನ ದೊಡ್ಡಾಟದ ಕಲಾವಿದರು ಬಯಲಿನಲ್ಲಿ ಏರುದನಿಯಲ್ಲಿ ಹಾಡುತ್ತಿದ್ದುದು ಇದಕ್ಕಾಗಿಯೇ.

ಈಗ ದನಿಯನ್ನು ಹಿಗ್ಗಿಸಲು ಆಂಪ್ಲಿಫೈಯರ್ ಇದೆ. ನಿಮ್ಮೂರಿನ ಯುವಕರು ಒಂದು ಎಲೆಕ್ಟ್ರಿಕ್ ಗಿಟಾರ್ ತಂದಿದ್ದಾರೆ ಎಂದು ಇಟ್ಟುಕೊಳ್ಳಿ. ಉಳಿದ ಸ್ವಲ್ಪ ದುಡ್ಡಿನಲ್ಲಿ ಆಂಪ್ಲಿಫೈಯರ್ ಕೊಳ್ಳಬೇಕು. ಅಂಗಡಿಯವರು ಎರಡು ಪೆಟ್ಟಿಗೆ ತೋರಿಸುತ್ತಾರೆ. ‘ಇದು 50 ವ್ಯಾಟ್, ಟ್ರಾನ್ಸಿಸ್ಟರ್ ಸೆಟ್. ಅದು 5 ವ್ಯಾಟ್, ವಾಲ್ವ್ ಸೆಟ್. ಸಣ್ಣದಾದರೂ ಅದರ ಬೆಲೆಯೇ ಜಾಸ್ತಿ’ ಎನ್ನುತ್ತಾರೆ. ಯಾವುದನ್ನು ಆರಿಸಬೇಕು? ಬಣ್ಣ, ಹೆಸರು ನೋಡಿ ಆರಿಸಿದರೆ ಕೂಡಿಟ್ಟ ದುಡ್ಡು ಹಾಳಾದೀತು. ವಿಜ್ಞಾನ ತಿಳಿದು ಆರಿಸಿದರೆ ಹಾಗಾಗದು.

ತಂತಿಯಿಂದ ವಿದ್ಯುತ್ತು

ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳು ಉಕ್ಕಿನವು. ಅವುಗಳ ಕೆಳಗೆ ಕಾಂತಗಳಿವೆ. ಕಾಂತಗಳ ಸುತ್ತ ಕೂದಲಿನಷ್ಟು ಸಪುರವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗುತ್ತದೆ. ಆಗ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆ ಎಂದರೆ ಇದೇ. ಸೈಕಲ್ಲಿನ ಡೈನಮೋ ದೀಪ ಉರಿಸುವುದೂ ಇದೇ ತತ್ವದಿಂದ.

ಆದರೆ ಗಿಟಾರ್‌ನಿಂದ ಬರುವ ವಿದ್ಯುತ್ ಸಂಕೇತ ಬಹಳ ದುರ್ಬಲ. ಸುಮಾರು 0.1 ವೋಲ್ಟ್ ಇರಬಹುದು, ಅಷ್ಟೇ. ಒಂದು ಟಾರ್ಚ್ ಸೆಲ್ಲಿನದು 1.5 ವೋಲ್ಟ್. ಇಷ್ಟು ದುರ್ಬಲ ಸಂಕೇತ ಸ್ಪೀಕರನ್ನು ಅಲುಗಿಸಲಾರದು. ಅದನ್ನು ಬಲಪಡಿಸುವ ಸಾಧನವೇ ಆಂಪ್ಲಿಫೈಯರ್, ಅಂದರೆ ವರ್ಧಕ.

ವಾಲ್ವ್ ಎಂದರೇನು?

ಸೈಕಲ್ ಟ್ಯೂಬಿನ ವಾಲ್ವ್ ನಿಮಗೆ ಗೊತ್ತು. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ವಿದ್ಯುತ್ತಿಗೂ ಇಂಥದೊಂದು ವಾಲ್ವ್ ಮಾಡಿದರು. ಅದು ಗಾಜಿನ ಬುರುಡೆ. ಒಳಗಿನ ಗಾಳಿಯನ್ನೆಲ್ಲ ಹೊರತೆಗೆದು ನಿರ್ವಾತ ಮಾಡಲಾಗಿರುತ್ತದೆ. ಒಳಗೆ ಎರಡು ಲೋಹದ ಭಾಗಗಳಿವೆ. ಒಂದು ಕ್ಯಾಥೋಡ್. ಅದನ್ನು ಕಾಯಿಸಿದರೆ ಇಲೆಕ್ಟ್ರಾನುಗಳು ಹೊರಬರುತ್ತವೆ. ಇನ್ನೊಂದು ಆನೋಡ್. ಅದಕ್ಕೆ ಧನ ವಿದ್ಯುತ್ತು ಕೊಟ್ಟರೆ ಅದು ಆ ಇಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತದೆ. ಇಲೆಕ್ಟ್ರಾನುಗಳು ಕ್ಯಾಥೋಡಿನಿಂದ ಆನೋಡಿಗೆ ಹರಿಯುತ್ತವೆಯೇ ಹೊರತು ಹಿಂದಕ್ಕೆ ಬರುವುದಿಲ್ಲ.

1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಇನ್ನೊಂದು ಲೋಹದ ಭಾಗ ಸೇರಿಸಿದರು. ಅದೇ ಗ್ರಿಡ್. ಇಲೆಕ್ಟ್ರಾನುಗಳು ಇದರ ಸಂದುಗಳ ಮೂಲಕವೇ ಹಾದುಹೋಗಬೇಕು. ಗ್ರಿಡ್‌ನ ವೋಲ್ಟೇಜನ್ನು ಸ್ವಲ್ಪ ಬದಲಿಸಿದರೆ ಸಾಕು, ಹರಿಯುವ ಪ್ರವಾಹ ಬಹಳಷ್ಟು ಬದಲಾಗುತ್ತದೆ.

ಗಂಗಾವತಿ ಕಡೆ ಹೋದವರು ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೋಡಿರುತ್ತೀರಿ. ಕಾಲುವೆಯ ತೂಬಿನ ಗೇಟನ್ನು ಒಬ್ಬರೇ ಕೈಯಿಂದ ತಿರುಗಿಸಬಲ್ಲರು. ಆದರೆ ಅಷ್ಟರಿಂದ ಎಷ್ಟೊಂದು ನೀರು ಹೆಚ್ಚು ಕಡಿಮೆಯಾಗುತ್ತದೆ! ನೀರನ್ನು ತಳ್ಳುವುದು ಆ ಕೈಯ ಬಲವಲ್ಲ. ಜಲಾಶಯದಲ್ಲಿ ನಿಂತ ನೀರಿನ ಬಲ. ಗ್ರಿಡ್ ಎಂದರೆ ಆ ಗೇಟು. ಗಿಟಾರ್‌ನ ಸಂಕೇತ ಎಂದರೆ ಅದನ್ನು ತಿರುಗಿಸುವ ಕೈ. ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತೇ ಜಲಾಶಯ. ಆಂಪ್ಲಿಫೈಯರ್ ಶಕ್ತಿಯನ್ನು ಹೊಸದಾಗಿ ಹುಟ್ಟಿಸುವುದಿಲ್ಲ ಎಂಬುದನ್ನು ನೆನಪಿಡಿ.

ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಚಿಕ್ಕ ವಾಲ್ವಿನ ಹೆಸರು ಇಸಿಸಿ83. ಒಂದೇ ಗಾಜಿನೊಳಗೆ ಎರಡು ವರ್ಧಕಗಳಿರುತ್ತವೆ. ಒಂದೊಂದೂ ಸಂಕೇತವನ್ನು ಸುಮಾರು 50 ಪಟ್ಟು ಹಿಗ್ಗಿಸಬಲ್ಲದು. 0.1 ವೋಲ್ಟ್ ಇದ್ದದ್ದು 5 ವೋಲ್ಟ್ ಆಯಿತು! ಆಮೇಲೆ ಇಎಲ್84ರಂಥ ದೊಡ್ಡ ವಾಲ್ವ್ ಸ್ಪೀಕರಿಗೆ ಬೇಕಾದ ಶಕ್ತಿ ಒದಗಿಸುತ್ತದೆ. ಇಂಥ ಒಂದೇ ದೊಡ್ಡ ವಾಲ್ವಿನಿಂದ ಸುಮಾರು 5 ವ್ಯಾಟ್ ಸಿಗುತ್ತದೆ.

ಬೆಂಗಳೂರಿನಲ್ಲೂ ತಯಾರಾದವು

ನಿಮ್ಮ ಅಜ್ಜ ಅಜ್ಜಿಯರನ್ನು ‘ವಾಲ್ವ್ ರೇಡಿಯೋ ನೋಡಿದ್ದೀರಾ?’ ಎಂದು ಕೇಳಿ. ಸ್ವಿಚ್ ಹಾಕಿದ ಕೂಡಲೇ ಅದು ಹಾಡುತ್ತಿರಲಿಲ್ಲ. ಕ್ಯಾಥೋಡ್ ಕಾಯುವ ತನಕ ಸ್ವಲ್ಪ ಹೊತ್ತು ಕಾಯಬೇಕಿತ್ತು. ಧಾರವಾಡ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾದಾಗ ಜನ ಅದನ್ನು ಕೇಳಿದ್ದು ಇಂಥ ರೇಡಿಯೋಗಳಲ್ಲೇ. ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿತು.

ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂದಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದು ಹುಟ್ಟಿತು. ಕಾಯಿಸುವ ಗೋಜಿಲ್ಲ, ಗಾಜು ಒಡೆಯುವ ಭಯವಿಲ್ಲ, ಬೆಲೆಯೂ ಕಡಿಮೆ. ಕ್ರಮೇಣ ರೇಡಿಯೋದಿಂದ ವಾಲ್ವ್ ಮರೆಯಾಯಿತು. ಆದರೆ ಗಿಟಾರ್ ನುಡಿಸುವವರು ಅದನ್ನು ಬಿಡಲಿಲ್ಲ. ಏಕೆ?

ದನಿ ಒಡೆಯುವ ಬಗೆ

ಶಕ್ತಿ ಮೀರಿ ದನಿ ಏರಿಸಿದರೆ ಯಾವ ಆಂಪ್ಲಿಫೈಯರ್ ಆದರೂ ಸೋಲುತ್ತದೆ. ಆಗ ಧ್ವನಿ ಅಲೆಯ ತುದಿಗಳು ಕತ್ತರಿಸಿ ಹೋಗುತ್ತವೆ. ಸಾಮಾನ್ಯ ಟ್ರಾನ್ಸಿಸ್ಟರ್ ವರ್ಧಕದಲ್ಲಿ ಅಲೆಯ ತುದಿ ಕುಡುಗೋಲಿನಿಂದ ಕೊಯ್ದಂತೆ ಚಪ್ಪಟೆಯಾಗುತ್ತದೆ, ಕಿವಿಗೆ ಕರ್ಕಶ. ವಾಲ್ವಿನಲ್ಲಿ ಅಲೆಯ ತುದಿ ನಿಧಾನವಾಗಿ ದುಂಡಗಾಗುತ್ತದೆ. ಆಗ ಮೂಲ ಸ್ವರದ ಜೊತೆ ಬೇರೆ ಸ್ವರಗಳೂ ಬೆರೆತು ದನಿ ತುಂಬಿ ಬರುತ್ತದೆ. ಗಿಟಾರ್ ನುಡಿಸುವವರಿಗೆ ಬೇಕಾದದ್ದು ಇದೇ.

ಆದರೆ ಹಾಡುಗಾರರ ದನಿ, ಹಾರ್ಮೋನಿಯಂ, ಶಾಲೆಯ ಪ್ರಾರ್ಥನೆ ಇವಕ್ಕೆ ದನಿ ಒಡೆಯಲೇಬಾರದು. ಅದಕ್ಕೆ ಟ್ರಾನ್ಸಿಸ್ಟರ್ ಮೈಕ್ ಸೆಟ್ಟೇ ಸರಿ, ಅಗ್ಗವೂ ಹೌದು. ಆದ್ದರಿಂದ ಮೊದಲ ಪ್ರಶ್ನೆ ‘ಯಾವುದು ಒಳ್ಳೆಯದು?’ ಎಂಬುದಲ್ಲ. ‘ಯಾವುದಕ್ಕೆ ಬೇಕು?’ ಎಂಬುದು.

ವ್ಯಾಟಿನ ಲೆಕ್ಕ

50 ವ್ಯಾಟ್ ಸೆಟ್ 5 ವ್ಯಾಟ್ ಸೆಟ್ಟಿಗಿಂತ ಹತ್ತು ಪಟ್ಟು ಜೋರೇ? ಅಲ್ಲ! ನಮ್ಮ ಕಿವಿಯ ಲೆಕ್ಕವೇ ಬೇರೆ. ಶಕ್ತಿ ಹತ್ತು ಪಟ್ಟಾದರೆ ಧ್ವನಿಮಟ್ಟ 10 ಡೆಸಿಬೆಲ್ ಏರುತ್ತದೆ. ಅದು ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ, ಅಷ್ಟೇ. ಶಕ್ತಿ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ.

ಹಾಗಾದರೆ ಇನ್ನೇನು ನೋಡಬೇಕು? ಸ್ಪೀಕರ್! 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬುದಕ್ಕೆ ಸ್ಪೀಕರಿನ ಸಂವೇದನೆ ಎನ್ನುತ್ತಾರೆ. ಈ ಲೆಕ್ಕ ನೋಡಿ.

* 5 ವ್ಯಾಟ್ ಆಂಪ್ಲಿಫೈಯರ್, 97 ಡೆಸಿಬೆಲ್ ಸ್ಪೀಕರ್: ಒಟ್ಟು 104 ಡೆಸಿಬೆಲ್.
* 10 ವ್ಯಾಟ್ ಆಂಪ್ಲಿಫೈಯರ್, 94 ಡೆಸಿಬೆಲ್ ಸ್ಪೀಕರ್: ಒಟ್ಟು 104 ಡೆಸಿಬೆಲ್.

ಎರಡೂ ಸಮ! ಹೆಚ್ಚು ವ್ಯಾಟಿಗೆ ದುಡ್ಡು ಸುರಿಯುವ ಬದಲು ಒಳ್ಳೆಯ ಸ್ಪೀಕರ್ ಇರುವ ಸಣ್ಣ ಸೆಟ್ ಕೊಳ್ಳುವುದು ಜಾಣತನ. ಇನ್ನೊಂದು ಮಾತು. ವಾಲ್ವಿನ ಸೊಗಸು ಬರುವುದು ದನಿಯನ್ನು ಸಾಕಷ್ಟು ಏರಿಸಿದಾಗ. ದೊಡ್ಡ ಸೆಟ್ಟನ್ನು ಕೋಣೆಯಲ್ಲಿ ಅಷ್ಟು ಏರಿಸಿದರೆ ಕಿವಿ ಉಳಿಯದು. ಹೀಗಾಗಿ ಮನೆಗೆ ಸಣ್ಣದೇ ಸರಿ. ಅಮೆರಿಕದ ಫೆಂಡರ್ ಕಂಪನಿಯ ‘ಚಾಂಪ್’ ಎಂಬ ಸುಮಾರು 5 ವ್ಯಾಟಿನ ಪುಟ್ಟ ವಾಲ್ವ್ ಸೆಟ್ಟನ್ನು ಹೆಸರಾಂತ ಕಲಾವಿದರೂ ಧ್ವನಿಮುದ್ರಣಕ್ಕೆ ಬಳಸಿದ್ದಾರೆ.

ಬಯಲಿನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಧ್ವನಿಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಲ್ಲಿ 104 ಡೆಸಿಬೆಲ್ ಇದ್ದದ್ದು 2 ಮೀಟರಿನಲ್ಲಿ 98, 4 ಮೀಟರಿನಲ್ಲಿ 92, 8 ಮೀಟರಿನಲ್ಲಿ 86, 16 ಮೀಟರಿನಲ್ಲಿ 80. ಜಾತ್ರೆಯ ಬಯಲಿಗೆ ಪುಟ್ಟ ಸೆಟ್ಟೊಂದೇ ಸಾಲದು. ಅದರ ಮುಂದೆ ಮೈಕ್ ಇಟ್ಟು ದೊಡ್ಡ ಸೆಟ್ಟಿಗೆ ಕೊಡಬೇಕು. ದೊಡ್ಡ ಸೆಟ್ಟನ್ನು ಒಂದು ದಿನಕ್ಕೆ ಬಾಡಿಗೆಗೆ ತಂದರೂ ಆಯಿತು.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

1. ‘ಎಲ್ಲವೂ ವಾಲ್ವೇ?’ ಕೆಲವು ಅಗ್ಗದ ಸೆಟ್ಟುಗಳಲ್ಲಿ ಮೊದಲಿಗೆ ಒಂದು ಚಿಕ್ಕ ವಾಲ್ವ್ ಇಟ್ಟು, ಸ್ಪೀಕರಿಗೆ ಶಕ್ತಿ ಕೊಡುವ ಕೆಲಸವನ್ನು ಟ್ರಾನ್ಸಿಸ್ಟರಿಗೆ ಬಿಟ್ಟಿರುತ್ತಾರೆ. ಅದು ಕೆಟ್ಟದ್ದೇನಲ್ಲ. ಆದರೆ ಪೂರ್ತಿ ವಾಲ್ವಿನ ಬೆಲೆ ಕೊಡಬೇಕಾಗಿಲ್ಲ.

2. ‘ಈ ವಾಲ್ವ್ ಮತ್ತೆ ಸಿಗುತ್ತದೆಯೇ?’ ವಾಲ್ವ್ ಸವೆಯುತ್ತದೆ, ಬದಲಿಸಬೇಕಾಗುತ್ತದೆ. ಇಸಿಸಿ83, ಇಎಲ್84 ಮುಂತಾದವು ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳಲ್ಲಿ ಈಗಲೂ ತಯಾರಾಗುತ್ತಿವೆ. ಅಪರೂಪದ ವಾಲ್ವ್ ಇರುವ ಸೆಟ್ ಅಗ್ಗವೆನಿಸಿದರೂ ಮುಂದೆ ದುಬಾರಿ. ಹೊಸ ವಾಲ್ವಿಗೆಂದು ಸ್ವಲ್ಪ ದುಡ್ಡು ತೆಗೆದಿಡಬೇಕು.

3. ‘ಎಷ್ಟು ವೋಲ್ಟಿನದು?’ ಅಮೆರಿಕದಲ್ಲಿ ಮನೆಗೆ ಬರುವ ವಿದ್ಯುತ್ತು ಸುಮಾರು 120 ವೋಲ್ಟ್. ನಮ್ಮಲ್ಲಿ 230 ವೋಲ್ಟ್. ಅಲ್ಲಿಯ ಸೆಟ್ಟನ್ನು ಇಲ್ಲಿಯ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ.

4. ‘ಸ್ಪೀಕರ್ ಎಷ್ಟು ಓಮ್?’ ಆಂಪ್ಲಿಫೈಯರಿನ ಹಿಂದೆ 4, 8 ಅಥವಾ 16 ಎಂದು ಬರೆದಿರುತ್ತದೆ. ಸ್ಪೀಕರಿನ ಅಂಕಿ ಅದಕ್ಕೆ ಹೊಂದಬೇಕು. ಸ್ಪೀಕರ್ ಜೋಡಿಸದೆ ವಾಲ್ವ್ ಸೆಟ್ ನುಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.

5. ಹಳೆಯ ಸೆಟ್ ಆದರೆ ನುಡಿಸಿ ಕೇಳಿ. ಗಿಟಾರ್ ಸುಮ್ಮನಿದ್ದಾಗಲೂ ಜೋರಾಗಿ ‘ಗುಂಯ್’ ಎನ್ನುತ್ತದೆಯೇ? ಗುಂಡಿ ತಿರುಗಿಸಿದಾಗ ‘ಗರಗರ’ ಎನ್ನುತ್ತದೆಯೇ? ಗರಗರ ಸದ್ದು ಗುಂಡಿಯ ಧೂಳಿನಿಂದ ಬಂದಿದ್ದರೆ ಶುಚಿ ಮಾಡಿದಾಗ ಹೋಗುತ್ತದೆ. ಗುಂಯ್‌ಗುಡುವಿಕೆಗೆ ರಿಪೇರಿಯ ಖರ್ಚು ಬರಬಹುದು. ಅದನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಎಚ್ಚರ! ಇದು ಜೀವದ ಪ್ರಶ್ನೆ

ವಾಲ್ವ್ ಸೆಟ್ಟಿನ ಒಳಗೆ 250ರಿಂದ 300 ವೋಲ್ಟ್ ಅಥವಾ ಇನ್ನೂ ಹೆಚ್ಚಿನ ವಿದ್ಯುತ್ತು ಇರುತ್ತದೆ. ಸ್ವಿಚ್ ತೆಗೆದು ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದು. ಆದ್ದರಿಂದ ಮಕ್ಕಳು ಅದನ್ನು ಎಂದೂ ಬಿಚ್ಚಬಾರದು. ದೊಡ್ಡವರಾದರೂ ಕೆಲಸ ಬಲ್ಲವರೇ ಬಿಚ್ಚಬೇಕು. ಪ್ಲಗ್ಗಿನ ಮೂರನೆಯ ದಪ್ಪ ಪಿನ್ ಅರ್ತಿಂಗ್‌ಗೆ ಇರುವುದು. ಸೆಟ್ಟಿನ ಲೋಹದ ಭಾಗಕ್ಕೆ ವಿದ್ಯುತ್ತು ತಗುಲಿದರೆ ಅದು ನೆಲಕ್ಕೆ ಹರಿದು ಜೀವ ಉಳಿಯುತ್ತದೆ. ಗಿಟಾರಿನ ಉಕ್ಕಿನ ತಂತಿ ನುಡಿಸುವವರ ಕೈಯಲ್ಲೇ ಇರುತ್ತದಲ್ಲವೇ? ಆದ್ದರಿಂದ ಆ ಪಿನ್ ಮುರಿದು ಎರಡೇ ಪಿನ್ನಿನಲ್ಲಿ ಬಳಸುವುದು ಬಹಳ ಅಪಾಯ. ಅರ್ತಿಂಗ್ ಸರಿಯಿಲ್ಲದ ಕಡೆ ಮೊದಲು ಅದನ್ನು ಸರಿಪಡಿಸಬೇಕು. ಆಮೇಲೆ ಗಿಟಾರ್.

ವಾಲ್ವ್ ಮುಟ್ಟಿದರೆ ಕೈ ಸುಡುತ್ತದೆ. ಸೆಟ್ಟಿನ ಹಿಂದೆ ಗಾಳಿಯಾಡಲು ಜಾಗ ಬಿಡಬೇಕು, ಬಟ್ಟೆ ಮುಚ್ಚಬಾರದು.

ಕಿವಿಯ ಮೇಲೂ ಕರುಣೆ ಇರಲಿ. 1 ಮೀಟರಿನಲ್ಲಿ 104 ಡೆಸಿಬೆಲ್ ಎಂದರೆ ಬಹಳ ಹೊತ್ತು ಕೇಳಬಾರದ ದನಿ. ಒಮ್ಮೆ ಹಾಳಾದ ಕಿವಿಯ ಸೂಕ್ಷ್ಮ ಕೋಶಗಳು ಮತ್ತೆ ಬೆಳೆಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ.

ಮಾಡಿ ನೋಡಿ

ಖಾಲಿ ಊಟದ ಡಬ್ಬಿಯ ಮುಚ್ಚಳ ತೆಗೆದು, ಬಾಯಿಗೆ ಅಡ್ಡಲಾಗಿ ಒಂದು ರಬ್ಬರ್ ಬ್ಯಾಂಡ್ ಹಾಕಿ ಮಿಡಿಯಿರಿ. ಆಮೇಲೆ ಅದೇ ಬ್ಯಾಂಡನ್ನು ಎರಡು ಬೆರಳುಗಳ ನಡುವೆ ಹಿಡಿದು ಮಿಡಿಯಿರಿ. ಯಾವಾಗ ಜೋರು? ಡಬ್ಬಿಗೆ ಹಾಕಿದಾಗ. ಬ್ಯಾಂಡ್ ಡಬ್ಬಿಯನ್ನೂ ಅದರೊಳಗಿನ ಗಾಳಿಯನ್ನೂ ಕಂಪಿಸುತ್ತದೆ. ಏಕತಾರಿಯ ಬುರುಡೆ ಮಾಡುವುದೂ ಇದನ್ನೇ. ಇಲ್ಲಿ ಹೊರಗಿನಿಂದ ಶಕ್ತಿ ಬಂದಿಲ್ಲ ಎಂಬುದನ್ನು ಗಮನಿಸಿ. ವಾಲ್ವ್ ಆಂಪ್ಲಿಫೈಯರಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಲೆಕ್ಕ ಮಾಡಿ

1. 5 ವ್ಯಾಟಿನ ಒಂದು ವಾಲ್ವ್ ಸೆಟ್ ಗೋಡೆಯ ಪ್ಲಗ್ಗಿನಿಂದ 40 ವ್ಯಾಟ್ ಎಳೆದುಕೊಳ್ಳುತ್ತದೆ ಎಂದುಕೊಳ್ಳಿ. ದಿನಕ್ಕೆ 2 ಗಂಟೆಯಂತೆ 30 ದಿನ ಬಳಸಿದರೆ ಎಷ್ಟು ಯೂನಿಟ್ ಖರ್ಚು? (1 ಯೂನಿಟ್ = 1000 ವ್ಯಾಟ್-ಗಂಟೆ)

2. ಇಎಲ್84 ವಾಲ್ವನ್ನು ಕಾಯಿಸಲು 6.3 ವೋಲ್ಟ್, 0.76 ಆಂಪಿಯರ್ ಬೇಕು. ಅದು ಎಷ್ಟು ವ್ಯಾಟ್?

3. 97 ಡೆಸಿಬೆಲ್ ಸ್ಪೀಕರಿಗೆ 2 ವ್ಯಾಟ್ ಕೊಟ್ಟರೆ 1 ಮೀಟರಿನಲ್ಲಿ ಎಷ್ಟು ಡೆಸಿಬೆಲ್?

ಉತ್ತರಗಳು: 1) 2.4 ಯೂನಿಟ್. 2) ಸುಮಾರು 4.8 ವ್ಯಾಟ್, ಸ್ಪೀಕರಿಗೆ ಸಿಗುವಷ್ಟೇ ಶಕ್ತಿ ಬರೀ ಕಾಯಿಸಲು ಹೋಯಿತು! 3) 100 ಡೆಸಿಬೆಲ್.