ಎರಡು ಇಂಚು ಏರಿಸುವ ಮುನ್ನ

ತುಮಕೂರು ರಸ್ತೆಯಿಂದ ಹಾಸನದ ಹೆದ್ದಾರಿ ಕವಲೊಡೆಯುವ ನೆಲಮಂಗಲ ಲಾರಿಗಳ ಊರು. ಕಮಾನ್ ಪ್ಲೇಟ್ ಬಿಚ್ಚಿ ಕಟ್ಟುವ ಕೈಗಳಿಗೆ ಇಲ್ಲಿ ಬರವಿಲ್ಲ. ಅಂಥದೊಂದು ತಗಡಿನ ಶೆಡ್ಡಿನಲ್ಲಿ ಈಗ ಮಾರುತಿ ಜಿಪ್ಸಿಯೊಂದನ್ನು ಎರಡು ಇಂಚು ಏರಿಸುವ ಕೆಲಸ ನಡೆದಿದೆ. ಆಫ್‌ರೋಡ್ ಸ್ಪರ್ಧೆಗೆಂದೇ ಮೀಸಲಾದ ಗಾಡಿ. ಟ್ರೇಲರ್ ಮೇಲೆ ಬಂದಿದೆ, ಹಾಗೆಯೇ ಹೋಗಲಿದೆ.

1985ರಲ್ಲಿ ರಸ್ತೆಗಿಳಿದ ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಕಮಾನ್ ಪ್ಲೇಟುಗಳೇ ಆಧಾರ. ಬಗ್ಗಿ ನೋಡಿ: ಸ್ಟ್ಯಾಂಡುಗಳನ್ನು ಚಾಸಿಗೆ ಕೊಟ್ಟಿದ್ದಾರೆ, ಆಕ್ಸಲ್ ಜಾಕಿನ ಮೇಲೆ ಮೆಲ್ಲಗೆ ಇಳಿಯುತ್ತಿದೆ. ಹಳೆಯ ಪ್ಲೇಟುಗಳ ಕಟ್ಟು ತೆಗೆದು, ಹೆಚ್ಚು ಬಾಗಿದ ಹೊಸ ಕಟ್ಟು ಕೂರಿಸುತ್ತಾರೆ. ಸೆಂಟರ್ ಬೋಲ್ಟಿನ ತಲೆ ತನ್ನ ಗುಂಡಿಯಲ್ಲಿ ಕೂರದಿದ್ದರೆ ಆಕ್ಸಲ್ ಓರೆಯಾಗುತ್ತದೆ. ಬಿಚ್ಚಿದ ಯು-ಬೋಲ್ಟ್ ಬಿಗಿತಕ್ಕೆ ಹಿಗ್ಗಿರುತ್ತದೆ, ಹಾಗಾಗಿ ಹೊಸದನ್ನೇ ಹಾಕಬೇಕು. ಉದ್ದನೆಯ ಶ್ಯಾಕಲ್ ಅಗ್ಗದ ದಾರಿ. ಆದರೆ ಅದು ಆಕ್ಸಲ್ಲಿನ ಕೋನವನ್ನೂ ತಿರುಗಿಸಿಬಿಡುತ್ತದೆ.

ಲಿಫ್ಟ್ ಮಾಡಿಸಿದರೆ ಇಡೀ ಗಾಡಿ ಮೇಲೇಳುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಏಳುವುದು ಚಾಸಿ ಮತ್ತು ಬಾಡಿ ಮಾತ್ರ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದು ಏರಬೇಕಾದರೆ ದೊಡ್ಡ ಟೈರೇ ಬೇಕು. ಲಿಫ್ಟ್ ಆ ಟೈರಿಗೆ ಜಾಗ ಮಾಡಿಕೊಡುತ್ತದೆ, ದಿಣ್ಣೆಯ ನೆತ್ತಿಯಲ್ಲಿ ಹೊಟ್ಟೆ ತಾಗದಂತೆ ಕಾಯುತ್ತದೆ.

ನಿಜವಾದ ಕೆಲಸ ಇಲ್ಲಿಂದ ಮುಂದೆ. ಚಕ್ರ ಪೂರ್ತಿ ಜೋತುಬಿದ್ದಾಗ ಬ್ರೇಕ್ ಹೋಸ್ ಎಳೆದು ಬಿಗಿಯಬಾರದು. ಶಾಕ್ ಅಬ್ಸಾರ್ಬರ್ ಉದ್ದ ಸಾಲದಿದ್ದರೆ ಅದೇ ಮೊದಲು ಹರಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿದರೆ ಜಾಯಿಂಟ್ ನಡುಗುತ್ತದೆ. ಸ್ಟೀರಿಂಗಿನ ಡ್ರ್ಯಾಗ್ ಲಿಂಕ್ ಕಡಿದಾದರೆ ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ಅತ್ತಿತ್ತ ಎಳೆಯುತ್ತದೆ. ಬುಷ್ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ನೆಲಕ್ಕಿಳಿದು ಭಾರ ಕೂತ ಮೇಲೆಯೇ. ಗಾಳಿಯಲ್ಲಿ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹಾಳಾಗುತ್ತದೆ. ಸ್ವಲ್ಪ ದೂರ ಓಡಿಸಿ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಲೇಬೇಕು.

ದಿನನಿತ್ಯ ರಸ್ತೆಗಿಳಿಯುವ ಗಾಡಿಯವರು ಕಾನೂನನ್ನೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಭಾರ ಮೇಲೇರಿದ ಗಾಡಿ ತಿರುವಿನಲ್ಲಿ ಸುಲಭವಾಗಿ ವಾಲುತ್ತದೆ. ಆ ಅಪಾಯ ಓಡಿಸುವವನಿಗಷ್ಟೇ ಅಲ್ಲ, ಎದುರು ಬರುವವರಿಗೂ ಉಂಟು.

ಎತ್ತರಕ್ಕೆ ಹಣ ಕೂಡಿಡುವ ಗೆಳೆಯರು ಬ್ರೇಕ್ ಹೋಸಿಗೂ ಶಾಕ್ ಅಬ್ಸಾರ್ಬರಿಗೂ ಮೊದಲು ಎತ್ತಿಡಲಿ. ಅಷ್ಟು ಹೊಂದದಿದ್ದರೆ ಮೂಲ ಎತ್ತರದಲ್ಲೇ ಒಳ್ಳೆಯ ಟೈರ್ ಹಾಕಿಸಿ ಓಡಿಸಲಿ. ಶಿವಗಂಗೆ ಸುತ್ತಲಿನ ಮಣ್ಣುದಾರಿಗಳಿಗೆ ಅದು ಧಾರಾಳವಾಗಿ ಸಾಕು.