ನಿಮಗಿದು ಗೊತ್ತೆ? ಮನೆಗೇ ಬರುವ ಮತಪತ್ರ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮತಗಟ್ಟೆಯ ಮುಂದೆ ಸಾಲು ನಿಲ್ಲುವ ಪ್ರಮೇಯವಿಲ್ಲ. ಚುನಾವಣೆಗೆ ಎರಡು-ಮೂರು ವಾರ ಮೊದಲೇ ಮತಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ. ಗುರುತು ಹಾಕಿ, ಲಕೋಟೆಯ ಮೇಲೆ ಸಹಿ ಮಾಡಿ ಹಿಂದಿರುಗಿಸಿದರೆ ಸಾಕು. ಆ ಸಹಿಯನ್ನು ದಾಖಲೆಯ ಸಹಿಯೊಂದಿಗೆ ತಾಳೆ ನೋಡಿದ ಮೇಲಷ್ಟೇ ಎಣಿಕೆ. 1998ರಲ್ಲಿ ಜನರೇ ಮತ ಹಾಕಿ ಒಪ್ಪಿದ ಪದ್ಧತಿಯಿದು. 2016ರಿಂದ, ಚಾಲನಾ ಪರವಾನಗಿಗೆ ಹೋದ ಅರ್ಹರ ಹೆಸರು ತಾನಾಗಿ ಮತದಾರರ ಪಟ್ಟಿ ಸೇರುತ್ತಿದೆ; ಬೇಡವೆಂದವರು ಹೊರಗುಳಿಯಬಹುದು. 2020ರಿಂದ ವಾಪಸ್ ಲಕೋಟೆಯ ಅಂಚೆ ವೆಚ್ಚವೂ ರಾಜ್ಯದ್ದೇ. ಸಣ್ಣ ಮೊತ್ತ ನಿಜ, ಆದರೆ ಮತ ಹಾಕಲು ಯಾರೂ ಕಾಸು ಬಿಚ್ಚಬೇಕಾಗಬಾರದು ಎಂಬುದು ದೊಡ್ಡ ಮಾತು. ಚುನಾವಣೆ ನಡೆಸುವ ಉಳಿದ ಖರ್ಚು ಮಾತ್ರ ಈಗಲೂ ಬಹುಪಾಲು ಕೌಂಟಿಗಳ (ಜಿಲ್ಲೆಯಂಥ ಸ್ಥಳೀಯ ಆಡಳಿತಗಳ) ತಲೆಯ ಮೇಲಿದೆ. ಆದಾಯ ಕಡಿಮೆಯಿರುವ ಗ್ರಾಮೀಣ ಕೌಂಟಿಗಳಿಗೆ ಅದು ಭಾರವೇ.